ಶಾಲಾ ಶಿಕ್ಷಕರ ಹಾಜರಾತಿ ನಿರ್ವಹಣೆ

ಶಾಲೆಯ ಸಿಬ್ಬಂದಿ ನಿಗದಿತ ದಿನ, ನಿಗದಿತ ವೇಳೆಗೆ ಕೆಲಸಕ್ಕೆ ಒದಗುವಂತೆ ನೋಡಿಕೊಳ್ಳುವುದು, ಗೈರುಹಾಜರಿಯನ್ನು ದಾಖಲಿಸಿ ಅದರ ಕಾರಣ ತಿಳಿದು ಕಡಿಮೆ ಮಾಡುವುದು, ಯಾರಾದರೂ ಬಾರದ ದಿನ ತರಗತಿ ನಿಲ್ಲದಂತೆ ಏರ್ಪಾಡು ಮಾಡುವುದು, ಈ ಮೂರೂ ಸೇರಿ ಹಾಜರಾತಿ ನಿರ್ವಹಣೆ ಎನಿಸುತ್ತದೆ. ಕಚೇರಿಯಲ್ಲಿ ಒಬ್ಬ ಗುಮಾಸ್ತ ಬಾರದಿದ್ದರೆ ಕಡತ ಮರುದಿನಕ್ಕೆ ಹೋಗುತ್ತದೆ. ಶಾಲೆಯಲ್ಲಿ ಒಬ್ಬ ಶಿಕ್ಷಕ ಬಾರದಿದ್ದರೆ ಒಂದು ತರಗತಿಯ ಅಷ್ಟೂ ಮಕ್ಕಳ ದಿನ ಹೋಗುತ್ತದೆ. ಇಬ್ಬರೇ ಶಿಕ್ಷಕರಿರುವ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಬ್ಬರು ಸಭೆಗೆ ಹೋದರೂ ಅರ್ಧ ಶಾಲೆ ನಿಂತಂತೆ. ಆದ್ದರಿಂದ ಶಿಕ್ಷಣದ ಆಡಳಿತದಲ್ಲಿ ಈ ವಿಷಯಕ್ಕೆ ವಿಶೇಷ ಸ್ಥಾನವಿದೆ. ಭಾರತದಲ್ಲಿ ಈ ಕುರಿತು ಕಾಲು ಶತಮಾನದಿಂದ ಗಂಭೀರ ಅಧ್ಯಯನಗಳು ನಡೆದಿವೆ. ಗೈರುಹಾಜರಿಯನ್ನು ಒಂದೇ ರೋಗವೆಂದು ಎಣಿಸಿ ಒಂದೇ ಮದ್ದು ಹುಡುಕಿದ ಪ್ರಯತ್ನಗಳು ಹೆಚ್ಚು ಕಾಲ ಬಾಳಲಿಲ್ಲವೆಂಬುದು ಅವುಗಳಿಂದ ತಿಳಿದುಬರುವ ಮುಖ್ಯ ಸಂಗತಿ.

ವರ್ಗೀಕರಣ ಮತ್ತು ಅಳತೆ

ಶಾಲೆಯಲ್ಲಿ ಇಲ್ಲದ ಶಿಕ್ಷಕರನ್ನು ಮೂರು ಗುಂಪಾಗಿ ನೋಡಬೇಕು. ಮೊದಲನೆಯದು ಮಂಜೂರಾದ ರಜೆ: ಸಾಂದರ್ಭಿಕ ರಜೆ, ಗಳಿಕೆ ರಜೆ, ವೈದ್ಯಕೀಯ ಕಾರಣದ ರಜೆ, ಹೆರಿಗೆ ರಜೆ ಇತ್ಯಾದಿ. ಇದು ನೌಕರರ ಹಕ್ಕು. ಎರಡನೆಯದು ಅನ್ಯಕಾರ್ಯ ನಿಮಿತ್ತದ ಗೈರು. ಶಾಲೆಯವರ ಮಾತಿನಲ್ಲಿ ಇದು ‘ಓಓಡಿ’. ತರಬೇತಿ, ಕ್ಲಸ್ಟರ್ ಸಭೆ, ಚುನಾವಣೆ, ಗಣತಿ, ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯ ಕೆಲಸ, ಬೇರೆ ಶಾಲೆಗೆ ನಿಯೋಜನೆ ಇವೆಲ್ಲ ಇದರಲ್ಲಿ ಬರುತ್ತವೆ. ಮೂರನೆಯದು ಅನಧಿಕೃತ ಗೈರು: ರಜೆಯೂ ಇಲ್ಲ, ಆದೇಶವೂ ಇಲ್ಲ, ಆಳೂ ಇಲ್ಲ. ತಡವಾಗಿ ಬರುವುದು, ಬೇಗ ಹೊರಡುವುದು, ಸಹಿ ಮಾಡಿ ಮಾಯವಾಗುವುದು ಇದರದ್ದೇ ರೂಪಗಳು.

ಹಾಜರಾತಿ ಪ್ರಮಾಣವನ್ನು ಲೆಕ್ಕ ಹಾಕುವ ಕ್ರಮ ಸರಳ. ನಿಗದಿಯಾದ ಒಟ್ಟು ಶಿಕ್ಷಕ-ದಿನಗಳಲ್ಲಿ ಹಾಜರಾದ ದಿನಗಳೆಷ್ಟು ಎಂಬುದೇ ಪ್ರಮಾಣ. ಐವರು ಶಿಕ್ಷಕರ ಶಾಲೆ ತಿಂಗಳಲ್ಲಿ 24 ದಿನ ನಡೆಯಿತೆಂದು ಇಟ್ಟುಕೊಂಡರೆ ಒಟ್ಟು 120 ಶಿಕ್ಷಕ-ದಿನಗಳಾಗುತ್ತವೆ. ಅದರಲ್ಲಿ 6 ದಿನ ರಜೆ, 9 ದಿನ ಅನ್ಯಕಾರ್ಯ, 3 ದಿನ ಅನಧಿಕೃತ ಗೈರು ಎಂದಾದರೆ ಹಾಜರಾತಿ ಶೇ 85. ಬಿಡಿಸದೆ ನೋಡಿದರೆ ಶೇ 15 ಗೈರು ಎಂದು ಶಿಕ್ಷಕರ ಮೇಲೆ ದೂರು ಹೊರಿಸಬಹುದು. ಬಿಡಿಸಿ ನೋಡಿದರೆ ಅದರ ಅರ್ಧ ಭಾಗ ಇಲಾಖೆಯೇ ಕರೆಸಿಕೊಂಡದ್ದು, ತಪ್ಪು ನಡತೆಯಿಂದಾದದ್ದು ಶೇ 2.5 ಮಾತ್ರ ಎಂದು ತಿಳಿಯುತ್ತದೆ. ಪರಿಹಾರ ಎಲ್ಲಿಂದ ಶುರುವಾಗಬೇಕೆಂಬುದನ್ನು ಈ ಬಿಡಿಸುವಿಕೆಯೇ ತೀರ್ಮಾನಿಸುತ್ತದೆ.

ಅಳತೆಗೆ ಎರಡು ಮೂಲಗಳಿವೆ. ಒಂದು ಶಾಲೆಯ ಹಾಜರಿ ಪುಸ್ತಕ. ಇನ್ನೊಂದು ಮುನ್ಸೂಚನೆ ಇಲ್ಲದ ಭೇಟಿಯಲ್ಲಿ ಹೆಸರು ಹಿಡಿದು ಎಣಿಸುವುದು. ಪುಸ್ತಕದಲ್ಲಿ ಬರೆದದ್ದಕ್ಕೂ ಭೇಟಿಯಲ್ಲಿ ಕಂಡದ್ದಕ್ಕೂ ಅಂತರವಿರಬಹುದಾದ್ದರಿಂದ ಸಂಶೋಧಕರು ಎರಡನೆಯದನ್ನೇ ನೆಚ್ಚುತ್ತಾರೆ.

ಅಧ್ಯಯನಗಳ ಹಾದಿ

ಉತ್ತರ ಭಾರತದ ಹಳ್ಳಿಶಾಲೆಗಳ ಸ್ಥಿತಿಯನ್ನು 1999ರಲ್ಲಿ ಪ್ರಕಟವಾದ ‘ಪ್ರೋಬ್’ ವರದಿ ದೇಶದ ಮುಂದಿಟ್ಟಿತು. ಸಮೀಕ್ಷಕರು ಹೋದ ಹೊತ್ತಿಗೆ ಸುಮಾರು ಅರ್ಧದಷ್ಟು ಶಾಲೆಗಳಲ್ಲಿ ಪಾಠವೇ ನಡೆಯುತ್ತಿರಲಿಲ್ಲ ಎಂಬ ಅದರ ಮಾತು ಬಹುಕಾಲ ಚರ್ಚೆಯಲ್ಲಿತ್ತು.

2003ರಲ್ಲಿ ಅರ್ಥಶಾಸ್ತ್ರಜ್ಞರಾದ ಮೈಕೆಲ್ ಕ್ರೆಮರ್, ಕಾರ್ತಿಕ್ ಮುರಳೀಧರನ್ ಮೊದಲಾದವರ ತಂಡ 20 ರಾಜ್ಯಗಳ ಸುಮಾರು 3,700 ಶಾಲೆಗಳಿಗೆ ಹೇಳದೆ ಕೇಳದೆ ಭೇಟಿ ನೀಡಿತು. ಸರ್ಕಾರಿ ಪ್ರಾಥಮಿಕ ಶಾಲೆಗಳ ಶೇ 25ರಷ್ಟು ಶಿಕ್ಷಕರು ಶಾಲೆಯಲ್ಲಿರಲಿಲ್ಲ. ಪಾಠ ಮಾಡುತ್ತಿದ್ದವರು ಒಟ್ಟು ಶಿಕ್ಷಕರ ಅರ್ಧದಷ್ಟು ಮಾತ್ರ. ಗೈರು ಮಹಾರಾಷ್ಟ್ರದಲ್ಲಿ ಶೇ 15ರ ಆಸುಪಾಸಿನಲ್ಲಿ ಅತಿ ಕಡಿಮೆ, ಜಾರ್ಖಂಡ್‌ನಲ್ಲಿ ಶೇ 42ರ ಹತ್ತಿರ ಅತಿ ಹೆಚ್ಚು ಇತ್ತು. ಕರ್ನಾಟಕ ಶೇ 22ರ ಸಮೀಪ, ರಾಷ್ಟ್ರದ ಸರಾಸರಿಗಿಂತ ತುಸು ಒಳ್ಳೆಯ ಸ್ಥಿತಿಯಲ್ಲಿತ್ತು. ಅದೇ ಕ್ರಮದ ಎಣಿಕೆ ಇತರ ದೇಶಗಳಲ್ಲೂ ನಡೆದಾಗ ಪೆರುವಿನಲ್ಲಿ ಶೇ 11, ಈಕ್ವೆಡಾರ್‌ನಲ್ಲಿ 14, ಬಾಂಗ್ಲಾದೇಶದಲ್ಲಿ 16, ಇಂಡೋನೇಷ್ಯಾದಲ್ಲಿ 19, ಉಗಾಂಡಾದಲ್ಲಿ 27ರಷ್ಟು ಗೈರು ಕಂಡುಬಂತು. ಭಾರತದ ಸುಮಾರು 3,000 ಸರ್ಕಾರಿ ಶಾಲೆಗಳ ಪೈಕಿ ಪದೇ ಪದೇ ಗೈರಾದ ಶಿಕ್ಷಕರನ್ನು ವಜಾ ಮಾಡಿದ ಉದಾಹರಣೆ ಹೇಳಿದ್ದು ಒಂದೇ ಶಾಲೆಯ ಮುಖ್ಯಶಿಕ್ಷಕರು. ಶಿಕ್ಷೆಯ ಅಧಿಕಾರ ಕಾಗದದ ಮೇಲಷ್ಟೇ ಇತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

2010ರಲ್ಲಿ ಅವೇ ಹಳ್ಳಿಗಳ ಶಾಲೆಗಳಿಗೆ ಮತ್ತೆ ಹೋದಾಗ ಗೈರು ಶೇ 26.3ರಿಂದ ಶೇ 23.6ಕ್ಕೆ ಇಳಿದಿತ್ತು. ಈ ಗೈರಿನಿಂದ ದೇಶಕ್ಕಾಗುವ ವಾರ್ಷಿಕ ನಷ್ಟ ಸುಮಾರು 150 ಕೋಟಿ ಡಾಲರ್ ಎಂದು ಸಂಶೋಧಕರು ಅಂದಾಜು ಮಾಡಿದರು. ಹೊಸ ಶಿಕ್ಷಕರನ್ನು ನೇಮಿಸುವುದಕ್ಕಿಂತ, ಇರುವ ಶಾಲೆಗಳ ತಪಾಸಣೆಯನ್ನು ಹೆಚ್ಚಿಸಿದರೆ ಹತ್ತು ಪಟ್ಟು ಕಡಿಮೆ ವೆಚ್ಚದಲ್ಲಿ ಅಷ್ಟೇ ಮಕ್ಕಳಿಗೆ ಶಿಕ್ಷಕರ ಸಾನ್ನಿಧ್ಯ ದೊರಕಿಸಬಹುದು ಎಂಬುದು ಅವರ ತೀರ್ಮಾನವಾಗಿತ್ತು.

ಈ ಚಿತ್ರಕ್ಕೆ ಅಗತ್ಯವಾದ ತಿದ್ದುಪಡಿ ಬಂದದ್ದು ಬೆಂಗಳೂರಿನ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದಿಂದ. 2017ರ ಅದರ ಅಧ್ಯಯನ ಆರು ರಾಜ್ಯಗಳ 619 ಶಾಲೆಗಳನ್ನು ಒಳಗೊಂಡಿತ್ತು. ಶಾಲೆಯಲ್ಲಿ ಇಲ್ಲದವರು ಶೇ 18.5ರಷ್ಟು, ಆದರೆ ಸಕಾರಣವಿಲ್ಲದೆ ಗೈರಾದವರು ಶೇ 2.5 ಮಾತ್ರ. ಉಳಿದವರು ರಜೆಯ ಮೇಲೆ ಅಥವಾ ಸರ್ಕಾರಿ ಕೆಲಸದ ಮೇಲೆ ಹೋದವರು. ‘ಗೈರುಹಾಜರಿ’ ಎಂಬ ಒಂದೇ ಹಣೆಪಟ್ಟಿಯಡಿ ಪ್ರಾಮಾಣಿಕ ಶಿಕ್ಷಕರನ್ನೂ ಕಳ್ಳಬೀಳುವವರ ಸಾಲಿಗೆ ಸೇರಿಸಲಾಗಿತ್ತೆಂದು ಇದರಿಂದ ಸ್ಪಷ್ಟವಾಯಿತು. ಆದರೆ ಮಗುವಿನ ಕಡೆಯಿಂದ ನೋಡಿದಾಗ ಶೇ 18.5 ಎಂಬ ಸಂಖ್ಯೆಯೂ ಸುಳ್ಳಲ್ಲ. ಶಿಕ್ಷಕರು ಯಾವ ಆದೇಶದ ಮೇಲೆ ಹೋಗಿದ್ದರೂ ಆ ದಿನ ಪಾಠ ಸಿಗಲಿಲ್ಲ. ಶಿಕ್ಷಣದ ವಾರ್ಷಿಕ ಸ್ಥಿತಿಗತಿ ತಿಳಿಸುವ ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಶಿಕ್ಷಕರ ಹಾಜರಾತಿ 2022ರಲ್ಲಿ ಸರಾಸರಿ ಶೇ 87ರಷ್ಟಿತ್ತು.

ಕಾರಣಗಳು

ಮೇಲಿನ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡ ಕೆಲವು ಸಂಗತಿಗಳಿವೆ. ಇತ್ತೀಚೆಗೆ ತಪಾಸಣೆಯಾದ, ಡಾಂಬರು ರಸ್ತೆಗೆ ಹತ್ತಿರವಿರುವ, ಒಳ್ಳೆಯ ಸೌಕರ್ಯಗಳಿರುವ ಶಾಲೆಗಳಲ್ಲಿ ಗೈರು ಕಡಿಮೆ. ಮುಖ್ಯಶಿಕ್ಷಕರ ಗೈರು ಸಹಶಿಕ್ಷಕರದ್ದಕ್ಕಿಂತ ಹೆಚ್ಚು. ಇದರಲ್ಲಿ ಕಚೇರಿ ಅಲೆದಾಟದ ಪಾಲೂ ಇದೆ. ಶೌಚಾಲಯವಿಲ್ಲದ, ಬಸ್ಸು ದಿನಕ್ಕೆ ಎರಡೇ ಬಾರಿ ಬರುವ ಊರಿಗೆ ಹೋಗಿಬರುವ ಶಿಕ್ಷಕಿಗೆ ಪ್ರಯಾಣವೇ ದೊಡ್ಡ ಹೊರೆ.

ಕಾಯಿಲೆಯ ಪಾತ್ರವನ್ನು ಹಗುರವಾಗಿ ಕಾಣುವಂತಿಲ್ಲ. ಜಾಂಬಿಯಾದಲ್ಲಿ ನಡೆದ ಅಧ್ಯಯನವೊಂದು ಶಿಕ್ಷಕರ ಮತ್ತು ಅವರ ಮನೆಯವರ ಅನಾರೋಗ್ಯವೇ ಗೈರಿನ ಪ್ರಮುಖ ಕಾರಣವೆಂದು ತೋರಿಸಿತು. ಗಂಟಲಿನ ತೊಂದರೆ, ನಿಂತೇ ಕೆಲಸ ಮಾಡುವುದರಿಂದ ಬರುವ ನೋವು, ಮನಸ್ಸಿನ ದಣಿವು ಈ ವೃತ್ತಿಗೆ ಅಂಟಿಬಂದವು.

ಬೋಧನೇತರ ಕೆಲಸ ಇನ್ನೊಂದು ದೊಡ್ಡ ಕಾರಣ. ಕರ್ನಾಟಕದಲ್ಲಿ ಬಿಸಿಯೂಟದ ಲೆಕ್ಕ, ಹಾಲು ಮೊಟ್ಟೆಯ ದಾಖಲೆ, ವಿದ್ಯಾರ್ಥಿವೇತನದ ಅರ್ಜಿ, ಎಸ್‌ಎಟಿಎಸ್ ತಂತ್ರಾಂಶಕ್ಕೆ ವಿದ್ಯಾರ್ಥಿಗಳ ಮಾಹಿತಿ ತುಂಬುವುದು, ಮತಗಟ್ಟೆ ಅಧಿಕಾರಿಯ ಕೆಲಸ ಇವೆಲ್ಲ ಶಿಕ್ಷಕರ ತಲೆಯ ಮೇಲಿವೆ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ರಾಜ್ಯದ ಸರ್ಕಾರಿ ಶಿಕ್ಷಕರನ್ನು ಗಣತಿದಾರರಾಗಿ ನೇಮಿಸಲಾಯಿತು. ಕೆಲಸ ಮುಗಿಯದ್ದರಿಂದ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಇಂಥ ದಿನಗಳು ಯಾವ ಶಿಕ್ಷಕರ ಹೆಸರಿನ ಮುಂದೆಯೂ ಗೈರೆಂದು ಬೀಳುವುದಿಲ್ಲ, ಆದರೆ ಬೋಧನೆಯ ದಿನಗಳಿಂದ ಕಳೆದುಹೋಗುತ್ತವೆ.

ಕೊನೆಯದಾಗಿ ಉತ್ತರದಾಯಿತ್ವದ ಕೊರತೆ. ವಾರಗಟ್ಟಲೆ ಬಾರದವರಿಗೂ ನಿತ್ಯ ಬರುವವರಿಗೂ ಒಂದೇ ಸಂಬಳ, ಒಂದೇ ವೇತನ ಬಡ್ತಿ ಎಂದಾದಾಗ ಶಾಲೆಯ ಶಿಸ್ತು ಒಳಗಿನಿಂದ ಸಡಿಲಗೊಳ್ಳುತ್ತದೆ.

ಕಾನೂನಿನ ಚೌಕಟ್ಟು

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಎರಡೂ ಬದಿಯ ಹೊಣೆಯನ್ನು ಹೇಳುತ್ತದೆ. ಶಿಕ್ಷಕರು ನಿಯಮಿತವಾಗಿ, ಸಕಾಲದಲ್ಲಿ ಶಾಲೆಗೆ ಬರಬೇಕೆಂದು 24ನೇ ಪ್ರಕರಣ ವಿಧಿಸುತ್ತದೆ. ತಪ್ಪಿದರೆ ಅಹವಾಲು ಕೇಳಿ ಸೇವಾ ನಿಯಮಗಳಂತೆ ಶಿಸ್ತುಕ್ರಮ ಕೈಗೊಳ್ಳಬೇಕು. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟರೆ ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಬಳಸಬಾರದೆಂದು 27ನೇ ಪ್ರಕರಣ ಸರ್ಕಾರವನ್ನು ಕಟ್ಟಿಹಾಕುತ್ತದೆ. ಖಾಲಿ ಹುದ್ದೆಗಳು ಮಂಜೂರಾದ ಸಂಖ್ಯೆಯ ಶೇ 10ನ್ನು ಮೀರಬಾರದೆಂದು 26ನೇ ಪ್ರಕರಣ ಹೇಳುತ್ತದೆ. ಕಾಯ್ದೆಯ ಅನುಸೂಚಿ 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ಕೆಲಸದ ದಿನ ಮತ್ತು 800 ಬೋಧನಾ ಗಂಟೆ, 6ರಿಂದ 8ನೇ ತರಗತಿಗೆ 220 ದಿನ ಮತ್ತು 1,000 ಗಂಟೆ ನಿಗದಿಪಡಿಸಿದೆ. ತಯಾರಿಯ ಅವಧಿಯೂ ಸೇರಿ ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆಗಳ ಕೆಲಸವಿದೆ.

ಚುನಾವಣೆ ಕೆಲಸದ ಕುರಿತು ಸುಪ್ರೀಂ ಕೋರ್ಟ್ 2007ರ ಡಿಸೆಂಬರ್‌ನಲ್ಲಿ ಸೇಂಟ್ ಮೇರೀಸ್ ಶಾಲೆಯ ಪ್ರಕರಣದಲ್ಲಿ ತೀರ್ಪು ನೀಡಿ, ಬೋಧಕ ಸಿಬ್ಬಂದಿಯನ್ನು ರಜಾದಿನಗಳಲ್ಲಿ ಮತ್ತು ಬೋಧನೆ ಇಲ್ಲದ ದಿನಗಳಲ್ಲಿ ಬಳಸಬೇಕೆಂದು ಸೂಚಿಸಿತು. ಆ ಮಾತನ್ನು ಆಡಳಿತ ಇಂದಿಗೂ ಪೂರ್ತಿಯಾಗಿ ಮನಸ್ಸಿಗೆ ತೆಗೆದುಕೊಂಡಿಲ್ಲ.

ನಿರ್ವಹಣೆಯ ವಿಧಾನಗಳು

ಹಾಜರಿ ಪುಸ್ತಕ ಮತ್ತು ಚಲನವಲನ ವಹಿ: ಅತಿ ಹಳೆಯ, ಇಂದಿಗೂ ಅತಿ ಬಳಕೆಯ ಸಾಧನಗಳು. ಪ್ರಾರ್ಥನೆಗೆ ಮುಂಚೆ ಸಹಿ, ಹೊರಹೋಗುವಾಗ ವಹಿಯಲ್ಲಿ ಹೊತ್ತು ಮತ್ತು ಕಾರಣ ಎಂಬುದು ಕ್ರಮ. ಇದರ ಬಲವೂ ದೌರ್ಬಲ್ಯವೂ ಮುಖ್ಯಶಿಕ್ಷಕರೇ. ಅವರು ಪ್ರತಿದಿನ ನಿಗದಿತ ವೇಳೆಗೆ ಪುಸ್ತಕ ಮುಚ್ಚಿ ಸಹಿ ಹಾಕುವವರಾದರೆ ಬೇರೆ ಯಂತ್ರದ ಹಂಗು ಕಡಿಮೆ.

ತಪಾಸಣೆ: ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ), ಶಿಕ್ಷಣ ಸಂಯೋಜಕರು, ಕ್ಷೇತ್ರ ಶಿಕ್ಷಣಾಧಿಕಾರಿಗಳು ಶಾಲೆಗೆ ಬರುವ ಬಾರಿ ಹೆಚ್ಚಿದಷ್ಟೂ ಹಾಜರಾತಿ ಸುಧಾರಿಸುತ್ತದೆ ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ. ಬಂದವರು ಸಹಿ ಮಾತ್ರ ನೋಡದೆ ತರಗತಿಯಲ್ಲಿ ಕುಳಿತು ಪಾಠ ಕೇಳಿ, ಶಿಕ್ಷಕರ ತೊಡಕನ್ನು ಆಲಿಸಿದರೆ ಆ ಭೇಟಿಗೆ ಇಮ್ಮಡಿ ಫಲ.

ವೇತನದೊಂದಿಗೆ ಜೋಡಣೆ: ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಸೇವಾ ಮಂದಿರ ಸಂಸ್ಥೆ ನಡೆಸುತ್ತಿದ್ದ ಏಕೋಪಾಧ್ಯಾಯ ಅನೌಪಚಾರಿಕ ಶಾಲೆಗಳಲ್ಲಿ 2003ರಿಂದ ನಡೆದ ಪ್ರಯೋಗ ಇದರಲ್ಲಿ ಪ್ರಸಿದ್ಧ. ಅರ್ಥಶಾಸ್ತ್ರಜ್ಞರಾದ ಎಸ್ತರ್ ಡಫ್ಲೋ, ರೆಮಾ ಹನ್ನಾ ಮತ್ತು ಸ್ಟೀಫನ್ ರಯಾನ್ ಅದನ್ನು ಅಧ್ಯಯನ ಮಾಡಿದರು. ದಿನಾಂಕ, ಸಮಯ ತಿದ್ದಲಾಗದ ಕ್ಯಾಮೆರಾದಲ್ಲಿ ಶಾಲೆಯ ಆರಂಭಕ್ಕೆ ಒಂದು, ಕೊನೆಗೆ ಒಂದು ಫೋಟೊವನ್ನು ವಿದ್ಯಾರ್ಥಿಯೇ ತೆಗೆಯಬೇಕು; ಎರಡರ ನಡುವೆ ಕನಿಷ್ಠ ಐದು ಗಂಟೆ ಇರಬೇಕು; ಚಿತ್ರದಲ್ಲಿ ಕನಿಷ್ಠ ಎಂಟು ಮಕ್ಕಳಿರಬೇಕು. ತಿಂಗಳಿಗೆ ಹತ್ತು ದಿನದೊಳಗೆ ಬಂದವರಿಗೆ 500 ರೂಪಾಯಿ, ಅದರ ಮೇಲಿನ ಪ್ರತಿ ದಿನಕ್ಕೆ 50 ರೂಪಾಯಿ. ಹಳೆಯ ಕ್ರಮದಲ್ಲೇ ಉಳಿದ ಶಾಲೆಗಳಲ್ಲಿ ಗೈರು ಶೇ 42 ಇದ್ದರೆ ಈ ಶಾಲೆಗಳಲ್ಲಿ ಶೇ 21ಕ್ಕೆ ಇಳಿಯಿತು. ಮಕ್ಕಳ ಕಲಿಕೆಯೂ ಏರಿತು.

ಅದೇ ಜಿಲ್ಲೆಯಲ್ಲಿ ಸರ್ಕಾರಿ ಶುಶ್ರೂಷಕಿಯರಿಗೆ ಇಂಥದ್ದೇ ಕ್ರಮ ತಂದಾಗ ಮೊದಲು ಹಾಜರಾತಿ ಏರಿತು. ಆದರೆ ಇಲಾಖೆ ‘ವಿನಾಯಿತಿ ದಿನ’ಗಳನ್ನು ಧಾರಾಳವಾಗಿ ನೀಡತೊಡಗಿ ಸುಮಾರು ಹದಿನಾರು ತಿಂಗಳಲ್ಲಿ ಫಲ ಪೂರ್ತಿ ಅಳಿಸಿಹೋಯಿತು. ಕ್ರಮ ಎರಡೂ ಕಡೆ ಒಂದೇ ಬಗೆಯದು. ಅದರ ಹಿಂದಿನ ಆಡಳಿತದ ಸಂಕಲ್ಪ ಬೇರೆ.

ಬಯೋಮೆಟ್ರಿಕ್ ಮತ್ತು ಮುಖಚಹರೆ: ಕರ್ನಾಟಕದ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಒಳಗೊಂಡ ಅಧ್ಯಯನವೊಂದು ಶಾಲೆಗಳಿಗೂ ಪಾಠ ಹೇಳುವಂಥದ್ದು. ಬೆರಳಚ್ಚು ಯಂತ್ರ ಬಂದ ಮೇಲೆ ಶುಶ್ರೂಷಕಿಯರು ಮತ್ತು ಕೆಳಹಂತದ ಸಿಬ್ಬಂದಿಯ ಹಾಜರಾತಿ ಸುಧಾರಿಸಿತು, ವೈದ್ಯರದ್ದು ಸುಧಾರಿಸಲಿಲ್ಲ. ಆದರೂ ಆ ಭಾಗದಲ್ಲಿ ಹುಟ್ಟಿದ ಮಕ್ಕಳ ತೂಕ ಉತ್ತಮಗೊಂಡಿತು. ಸಂಬಳ ಕಡಿತ, ರಜೆ ಕಡಿತದಂಥ ಕ್ರಮಗಳು ಮಾತ್ರ ಸರಿಯಾಗಿ ಜಾರಿಯಾಗಲಿಲ್ಲ.

ಆಂಧ್ರಪ್ರದೇಶ 2022ರ ಆಗಸ್ಟ್‌ನಲ್ಲಿ ಮುಖಚಹರೆ ಗುರುತಿಸುವ ಆ್ಯಪ್ ತಂದಾಗ, ಸ್ವಂತ ಮೊಬೈಲ್ ಬಳಸಬೇಕೆಂಬ ಷರತ್ತಿಗೆ ಶಿಕ್ಷಕರು ವಿರೋಧ ವ್ಯಕ್ತಪಡಿಸಿದರು. ಉತ್ತರಪ್ರದೇಶ 2024ರ ಜುಲೈ 8ರಿಂದ ಡಿಜಿಟಲ್ ಹಾಜರಾತಿ ಕಡ್ಡಾಯ ಮಾಡಿ, ಪ್ರತಿಭಟನೆ ತೀವ್ರಗೊಂಡ ಮೇಲೆ ಸುಮಾರು ಒಂದು ವಾರದಲ್ಲಿ ತಡೆಹಿಡಿಯಿತು. ನೆಟ್‌ವರ್ಕ್ ಇಲ್ಲದ ಊರು, ಮಳೆಗೆ ಮುಚ್ಚುವ ದಾರಿ, ಐದು ನಿಮಿಷದ ವಿಳಂಬಕ್ಕೆ ಅರ್ಧ ದಿನದ ರಜೆ ಇಂಥ ನೆಲದ ತೊಂದರೆಗಳನ್ನು ಮೊದಲೇ ಮಾತನಾಡಿ ಬಗೆಹರಿಸದ ಯೋಜನೆಗೆ ಆಯುಸ್ಸು ಕಡಿಮೆ. ನಿವೃತ್ತ ನ್ಯಾಯಮೂರ್ತಿ, ಕರ್ನಾಟಕದ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದೆ. ಆದ್ದರಿಂದ ಬೆರಳಚ್ಚು, ಮುಖದ ಮಾಹಿತಿಯನ್ನು ಯಾರು, ಎಷ್ಟು ಕಾಲ, ಯಾವ ಉದ್ದೇಶಕ್ಕೆ ಇಟ್ಟುಕೊಳ್ಳುತ್ತಾರೆ ಎಂಬುದನ್ನು ಶಿಕ್ಷಕರಿಗೆ ಲಿಖಿತವಾಗಿ ತಿಳಿಸುವುದು ಇಲಾಖೆಯ ಕರ್ತವ್ಯ.

ಸಮುದಾಯದ ಮೇಲುಸ್ತುವಾರಿ: ಶಿಕ್ಷಣ ಹಕ್ಕು ಕಾಯ್ದೆಯಂತೆ ರಚನೆಯಾಗುವ ಶಾಲಾ ನಿರ್ವಹಣಾ ಸಮಿತಿಗಳಲ್ಲಿ ಮುಕ್ಕಾಲು ಭಾಗ ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಸಮಿತಿ ಹೆಸರಿಗೆ ಇದ್ದಮಾತ್ರಕ್ಕೆ ಹಾಜರಾತಿ ಏರುವುದಿಲ್ಲವೆಂದು 2003ರ ಸಮೀಕ್ಷೆಯೇ ತೋರಿಸಿದೆ. ಸಭೆ ಸೇರಿ, ತಿಂಗಳ ಬೋಧನಾ ದಿನಗಳ ಲೆಕ್ಕ ಕೇಳುವ ಸಮಿತಿ ಬೇಕು.

ಗುತ್ತಿಗೆ ನೇಮಕ ಮತ್ತು ಸಾಧನೆಗೆ ಬಹುಮಾನ: ಅವಿಭಜಿತ ಆಂಧ್ರಪ್ರದೇಶದ ಅಧ್ಯಯನದಲ್ಲಿ ಕಾಯಂ ಶಿಕ್ಷಕರ ಗೈರು ಶೇ 27 ಇದ್ದರೆ ಗುತ್ತಿಗೆ ಶಿಕ್ಷಕರದ್ದು ಶೇ 18. ಹಾಗೆಂದು ಅರೆಸಂಬಳದ ಅಭದ್ರ ನೌಕರಿಯನ್ನು ಶಿಸ್ತಿನ ಸಾಧನವಾಗಿ ಒಪ್ಪುವುದು ನ್ಯಾಯವಲ್ಲ. ಅದೇ ರಾಜ್ಯದಲ್ಲಿ ಮಕ್ಕಳ ಕಲಿಕೆಗೆ ತಕ್ಕ ಬಹುಮಾನ ಕೊಟ್ಟಾಗ ಹಾಜರಾತಿ ಬದಲಾಗಲಿಲ್ಲ. ಆದರೆ ಬಂದ ಶಿಕ್ಷಕರು ಹೆಚ್ಚು ಪಾಠ ಮಾಡಿದರು. ಬರುವುದು ಬೇರೆ, ಕಲಿಸುವುದು ಬೇರೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಬ್ರಿಟನ್ನಿನ ಕ್ರಮ: ಅಲ್ಲಿ ಗೈರನ್ನು ಮುಖ್ಯವಾಗಿ ಆರೋಗ್ಯದ ವಿಷಯವಾಗಿ ಕಾಣುತ್ತಾರೆ. ರಜೆ ಮುಗಿಸಿ ಬಂದವರೊಡನೆ ಮುಖ್ಯಸ್ಥರು ಕುಳಿತು ಮಾತನಾಡುವುದು, ಬದಲಿ ಶಿಕ್ಷಕರ ಏಜೆನ್ಸಿಗಳಿಂದ ಅಂದೇ ಆಳು ಕರೆಸುವುದು ರೂಢಿ. ‘ಬ್ರಾಡ್‌ಫರ್ಡ್ ಅಂಕ’ ಎಂಬ ಲೆಕ್ಕವೂ ಬಳಕೆಯಲ್ಲಿದೆ: ಗೈರಾದ ಸರದಿಗಳ ವರ್ಗವನ್ನು ಒಟ್ಟು ದಿನಗಳಿಂದ ಗುಣಿಸಬೇಕು. ಒಂದೇ ಸಲ ಹತ್ತು ದಿನ ಮಲಗಿದವರ ಅಂಕ 10. ಹತ್ತು ಸಲ ಒಂದೊಂದು ದಿನ ತಪ್ಪಿಸಿದವರದ್ದು 1,000. ಬಿಡಿ ಬಿಡಿ ಗೈರನ್ನು ಇದು ಬೇಗ ಎತ್ತಿ ತೋರಿಸುತ್ತದೆ. ಆದರೆ ಆಗಾಗ ಮರುಕಳಿಸುವ ಕಾಯಿಲೆಯವರಿಗೆ ಅನ್ಯಾಯ ಮಾಡುತ್ತದೆಂಬ ಟೀಕೆಯೂ ಸರಿಯೇ.

ಕರ್ನಾಟಕದ ಏರ್ಪಾಡುಗಳು

ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ ರಾಜ್ಯದಲ್ಲಿ 2001ರಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ರೂಪುಗೊಂಡವು. ಕೇಂದ್ರ ಕಾಯ್ದೆ ಇಂಥ ಸಮಿತಿಯನ್ನು ಕಡ್ಡಾಯಗೊಳಿಸುವ ಎಷ್ಟೋ ಮೊದಲೇ ಪೋಷಕರಿಗೆ ಶಾಲೆಯ ಆಗುಹೋಗು ಕೇಳುವ ಅಧಿಕಾರವನ್ನು ಎಸ್‌ಡಿಎಂಸಿ ನೀಡಿತ್ತು.

ವರ್ಗಾವಣೆ ಕಾಯ್ದೆಯೂ ಹಾಜರಾತಿಯೊಂದಿಗೆ ನೇರವಾಗಿ ಹೆಣೆದುಕೊಂಡಿದೆ. 2007ರಲ್ಲಿ ಬಂದು, 2020ರಲ್ಲಿ ಹೊಸ ರೂಪ ಪಡೆದ ಈ ಕಾಯ್ದೆ ಶಾಲೆಗಳನ್ನು ಎ, ಬಿ, ಸಿ ವಲಯಗಳಾಗಿ ವಿಂಗಡಿಸಿ, ಕೌನ್ಸೆಲಿಂಗ್ ಮೂಲಕ ವರ್ಗಾವಣೆ ನಡೆಸುತ್ತದೆ. ಶಿಫಾರಸು ಪತ್ರದ ಬದಲು ಸೇವಾ ಅವಧಿ, ಆದ್ಯತೆಗಳು ಎಣಿಕೆಗೆ ಬರುವುದರಿಂದ ದೂರದ ಊರಿನ ಶಿಕ್ಷಕರಿಗೂ ತಮ್ಮ ಸರದಿ ಬರುವ ಭರವಸೆ ಇರುತ್ತದೆ. ಅಂಥ ಭರವಸೆ ಇದ್ದಲ್ಲಿ ಕಚೇರಿಗಳಿಗೆ ಅಲೆಯುವ ಅಗತ್ಯವೂ ತಗ್ಗುತ್ತದೆ.

ಖಾಲಿ ಹುದ್ದೆಗಳಿಗೆ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುವ ಪದ್ಧತಿ ರೂಢಿಯಲ್ಲಿದೆ. ಆದರೆ ರಾಜ್ಯದ ನೌಕರರಿಗಿರುವ 180 ದಿನಗಳ ಹೆರಿಗೆ ರಜೆಯಂಥ ದೀರ್ಘ ರಜೆಗೆ ಮೊದಲ ದಿನದಿಂದಲೇ ಬದಲಿ ಶಿಕ್ಷಕರು ಸಿಗುವ ಖಾತರಿ ಬೇಕು. ಅದಿಲ್ಲದಿದ್ದರೆ ತಾಯಿಯ ಹಕ್ಕು ಮತ್ತು ಮಕ್ಕಳ ಹಕ್ಕುಗಳನ್ನು ಒಂದಕ್ಕೊಂದು ಎದುರು ನಿಲ್ಲಿಸಿದಂತಾಗುತ್ತದೆ; ತಪ್ಪು ಮಾತ್ರ ಎರಡೂ ಕಡೆಯವರದ್ದಲ್ಲ.

ಶಾಲಾ ಮಟ್ಟದಲ್ಲಿ ಆಗಬೇಕಾದದ್ದು

ಮುಖ್ಯಶಿಕ್ಷಕರ ಕೈಯಳತೆಯಲ್ಲೇ ಇರುವ ಕ್ರಮಗಳು ಹಲವು. ವರ್ಷದ ಆರಂಭದಲ್ಲೇ ರಜೆ ಕೇಳುವ, ತಿಳಿಸುವ ನಿಯಮವನ್ನು ಎಲ್ಲರಿಗೂ ಒಂದೇ ರೀತಿ ಹೇಳಬೇಕು. ಅದನ್ನು ಮುಖ್ಯಶಿಕ್ಷಕರೇ ಮೊದಲು ಪಾಲಿಸಬೇಕು. ಒಬ್ಬರು ಬಾರದ ದಿನಕ್ಕೆ ಬದಲಿ ವೇಳಾಪಟ್ಟಿ, ಬಹುವರ್ಗ ಬೋಧನೆಗೆ ಹೊಂದುವ ಪಾಠಗಳು, ಮಕ್ಕಳೇ ಮಾಡಬಹುದಾದ ಅಭ್ಯಾಸಗಳು ಸಿದ್ಧವಿರಬೇಕು. ತಿಂಗಳ ಕೊನೆಗೆ ಗೈರನ್ನು ರಜೆ, ಅನ್ಯಕಾರ್ಯ, ಅನಧಿಕೃತ ಎಂದು ಮೂರು ಕಾಲಂಗಳಲ್ಲಿ ಬರೆದು ಎಸ್‌ಡಿಎಂಸಿ ಮುಂದಿಡಬೇಕು. ಒಬ್ಬರೇ ಸೋಮವಾರಗಳಂದು ಅಥವಾ ಹಬ್ಬದ ಆಚೀಚೆ ತಪ್ಪಿಸುತ್ತಿದ್ದರೆ ನೋಟಿಸಿಗೆ ಮುನ್ನ ಕೋಣೆಗೆ ಕರೆದು ಕಾರಣ ಕೇಳಬೇಕು. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿರಬಹುದು, ಕುಡಿತದ ಚಟವಿರಬಹುದು, ಬೇರೆ ವ್ಯಾಪಾರವಿರಬಹುದು. ಮೊದಲನೆಯದಕ್ಕೆ ನೆರವು, ಎರಡನೆಯದಕ್ಕೆ ಚಿಕಿತ್ಸೆ, ಮೂರನೆಯದಕ್ಕೆ ಶಿಸ್ತುಕ್ರಮ ತಕ್ಕ ಉತ್ತರ.

ಇಲಾಖೆಯ ಹಂತದಲ್ಲಿ ತರಬೇತಿಗಳನ್ನು ರಜೆಯ ಅವಧಿಗೆ ಹೊಂದಿಸುವುದು, ಸಭೆಗಳನ್ನು ಶಾಲೆ ಬಿಟ್ಟ ನಂತರ ನಡೆಸುವುದು, ಲೆಕ್ಕಪತ್ರಕ್ಕೆ ಕ್ಲಸ್ಟರ್‌ಗೊಬ್ಬ ಗುಮಾಸ್ತರನ್ನು ಕೊಡುವುದು ಹೆಚ್ಚು ಖರ್ಚಿಲ್ಲದೆ ಬೋಧನಾ ದಿನಗಳನ್ನು ಉಳಿಸುವ ದಾರಿಗಳು. ಕೆಲವೇ ಶಿಕ್ಷಕರಿರುವ ಶಾಲೆಗಳನ್ನು ಅನ್ಯಕಾರ್ಯದ ಪಟ್ಟಿಯಿಂದ ಪೂರ್ತಿ ಹೊರಗಿಡಬೇಕು.

ಮೌಲ್ಯಮಾಪನ

ಅಧ್ಯಯನಗಳ ಒಟ್ಟು ಸಾರವನ್ನು ಹೀಗೆ ಹೇಳಬಹುದು: ಅನಧಿಕೃತ ಗೈರಿಗೆ ತಪ್ಪದ ತಪಾಸಣೆ ಮತ್ತು ತಡವಿಲ್ಲದ ಕ್ರಮ, ರಜೆಗೆ ಬದಲಿ ಶಿಕ್ಷಕರು, ಅನ್ಯಕಾರ್ಯಕ್ಕೆ ಸರ್ಕಾರದ ಸ್ವಂತ ಸಂಯಮ. ಮೂರನೆಯದನ್ನು ಬಿಟ್ಟು ಮೊದಲನೆಯದನ್ನಷ್ಟೇ ಹಿಡಿದ ಸರ್ಕಾರಕ್ಕೆ ಶಿಕ್ಷಕರ ವಿಶ್ವಾಸ ಸಿಗುವುದಿಲ್ಲ. ಮೊದಲನೆಯದನ್ನು ವಿರೋಧಿಸುತ್ತ ಮೂರನೆಯದನ್ನಷ್ಟೇ ಕೇಳುವ ಶಿಕ್ಷಕ ಸಂಘಟನೆಗೆ ಪೋಷಕರ ವಿಶ್ವಾಸ ಉಳಿಯುವುದಿಲ್ಲ. ಹಾಜರಾತಿಯ ಯಾವುದೇ ಯೋಜನೆಯನ್ನು ಯಂತ್ರಗಳ ಸಂಖ್ಯೆಯಿಂದಾಗಲಿ, ಕಡಿತಗೊಂಡ ಸಂಬಳದಿಂದಾಗಲಿ ಅಳೆಯಬಾರದು. ಕಾನೂನು ವಾಗ್ದಾನ ಮಾಡಿದ 800 ಮತ್ತು 1,000 ಬೋಧನಾ ಗಂಟೆಗಳಲ್ಲಿ ಎಷ್ಟು ನಿಜಕ್ಕೂ ಮಗುವಿಗೆ ತಲುಪಿದವು ಎಂಬ ಲೆಕ್ಕವನ್ನು ಪ್ರತಿ ಶಾಲೆ ವರ್ಷಕ್ಕೊಮ್ಮೆ ಊರಿನ ಮುಂದೆ ಇಡಬೇಕು.